ಅಗ್ಗಣಿ ನೀರಿನ ತಕರಾರು

ಗಾವಡಗೆರೆ
ತಾ. ೧೪-೩-೧೯೩೪

ಬೆಟ್ಟದಪುರದ ಅತ್ತಿಗೆ ಚನ್ನಬಸಮ್ಮನವರಿಗೆ ನಾದಿನಿ ಸರ್ವಮಂಗಳೆ ಮಾಡುವ ಶರಣು.

ಇಲ್ಲಿ ನಮ್ಮ ಅತ್ತೆ ಬಸವಮ್ಮನವರು, ನಾನು, ನಿಮ್ಮ ಸೊಸೆಯಾಗಬೇಕಾದ ನೀಲಾಂಬಿಕೆ ಮೂವರೂ ಚೆನ್ನಾಗಿದ್ದೇವೆ. ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ಕ್ಷೇಮ ಸಮಾಚಾರ ಇಷ್ಟೇ. ಮುಂದಿನದೆಲ್ಲ ಜಗಳ, ದಯವಿಟ್ಟು ಕೂತು ಓದಿ.

ನಿಮ್ಮ ಕಾಗದ ನಿನ್ನೆ ತಲುಪಿತು. ಚಾವಡಿ ಮುಂದೆ ಹೆಸರು ಬಂದ ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ, ಮಗ ನೀಲಕಂಠಸ್ವಾಮಿಯೂ ಹಿಂದೆಮುಂದೆ ನೋಡುತ್ತಿದ್ದಾನೆ ಎಂದು ಬರೆದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು. ಚಾವಡಿಗೆ ಹೋದವಳು ನಾನು, ಅರ್ಜಿ ಕೊಟ್ಟವಳು ನಾನು. ಪುಂಡಾಟ ಮಾಡಿದವರು ಬೇರೆಯವರು. ಮದುವೆ ನಿಲ್ಲುವುದು ಮಾತ್ರ ನನ್ನ ಮಗಳದೇ? ಇದು ಯಾವ ಊರಿನ ನ್ಯಾಯ ಅತ್ತಿಗೆ?

ನೀವು ಸಂತೆ ಮಾತು ಕೇಳಿದ್ದೀರಿ, ಈಗ ನನ್ನ ಮಾತು ಕೇಳಿ. ನಮ್ಮ ಮನೆಯ ನೇಮ ನಿಮಗೆ ಗೊತ್ತು. ಲಿಂಗಪೂಜೆಯ ಅಗ್ಗಣಿ ನೀರನ್ನು ಬೆಳಗಿನ ಜಾವವೇ ಕೆರೆಯ ಹತ್ತಿರದ ಸಿಹಿನೀರು ಬಾವಿಯಿಂದ ತರಬೇಕು. ಕೊಡ ಎತ್ತಿದಾಗಿನಿಂದ ಪೂಜೆಯ ಕೋಣೆಯಲ್ಲಿ ಇಳಿಸುವವರೆಗೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಆ ನೀರು ಪೂಜೆಗಿಲ್ಲ. ಈ ವರ್ಷ ಆ ಕೆಲಸ ನೀಲಾಂಬಿಕೆಗೆ ಬಂತು. ಎಷ್ಟು ಹೆಮ್ಮೆಯಿಂದ ಹೋಗುತ್ತಿತ್ತು ನನ್ನ ಕೂಸು!

ಬಾವಿಯ ದಾರಿಯ ಅರಳಿಕಟ್ಟೆಯ ಮೇಲೆ ಪಟೇಲರ ತಮ್ಮನ ಮಗ, ಅವನ ಹಿಂದೆ ಅಲೆಯುವ ಇನ್ನಿಬ್ಬರು ಬೀಡಿ ಸೇದುತ್ತ ಬಿದ್ದಿರುತ್ತಾರೆ. ಒಬ್ಬನಿಗೂ ಮಾಡುವುದಕ್ಕೆ ಕೆಲಸವಿಲ್ಲ. ಇವಳು ಬಾಯಿಬಿಡುವಂತಿಲ್ಲ ಎಂಬುದು ಅವರಿಗೆ ಆಟವಾಯಿತು. ದಾರಿಗೆ ಅಡ್ಡ ನಿಂತು, ಒಂದೇ ಒಂದು ಮಾತಾಡು, ದಾರಿ ಬುಡ್ತೀವಿ ಅನ್ನುವುದು. ಮಾತಾಡದಿದ್ದರೆ ಸೆರಗಿನ ತುದಿ ಹಿಡಿಯುವುದು. ಹುಡುಗಿ ತಡೆಯಲಾರದೆ ಬಿಡ್ರೋ ಎಂದರೆ ಕೇಕೆ ಹಾಕಿ ನಕ್ಕು, ನೀರು ಕೆಡ್ತು ಓಗು, ಇನ್ನೊಂದ್ ಕೊಡ ತಕ್ಕಂಡ್ ಬಾ ಅನ್ನುವುದು. ದೇವರ ನೇಮವನ್ನೇ ಹುಡುಗಿಯ ಕೊರಳಿಗೆ ಹಗ್ಗ ಮಾಡಿದರು. ಹೊತ್ತೇರಿದ ಮೇಲೆ ಖಾಲಿ ಕೊಡ ಹಿಡಿದು ಅಳುತ್ತ ಬಂದು ನಿಂತಾಗ ನನಗೆ ವಿಷಯ ತಿಳಿದದ್ದು.

ಮೊದಲು ಪಟೇಲರ ಮನೆಗೇ ಹೋದೆ. ಹುಡುಗ್ರು ಕಣವ್ವಾ, ವಯಸ್ಸು, ನೀವೇ ಬ್ಯಾರೆ ದಾರೀಲಿ ಓಗಿ ಅಂದರು. ಬೇರೆ ದಾರಿ ಎಂದರೆ ಮುಳ್ಳುಬೇಲಿ ಪಕ್ಕದ ಓಣಿ, ಹಾವು ಹುಳ ಇರುವ ಜಾಗ. ಪುಂಡರಿಗೆ ರಾಜಬೀದಿ, ನಮಗೆ ಮುಳ್ಳು! ಆ ಕೋಪದಲ್ಲೇ ಹುಣಸೂರಿಗೆ ಗಾಡಿ ಕಟ್ಟಿಸಿದೆ. ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತು ಹೆಂಗಸರ ದಾರಿ ತಡೆಯುತ್ತಿದ್ದಾರೆ, ಖಾವಂದರು ವಿಚಾರಿಸಬೇಕು ಎಂದು ಅಮಲ್ದಾರರಿಗೆ ಅರ್ಜಿ ಕೊಟ್ಟು ಬಂದೆ.

ವಿಚಾರಣೆಗೆ ದಫೇದಾರ ಬಂದ. ಚಾವಡಿಯಲ್ಲಿ ಪಟೇಲರು ಕೊಟ್ಟ ಕಾಫಿ ಕುಡಿದು ನನ್ನನ್ನೇ ಕೇಳಿದ, ನಿಮ್ಮ ಹುಡುಗಿ ಬೈದಳೇ, ಕೂಗಿಕೊಂಡಳೇ, ಸುಮ್ಮನೆ ನಿಂತಿದ್ದಳು ಅಂದಮೇಲೆ ತಕರಾರು ಇರಲಿಲ್ಲ ಅಂತ ತಾನೆ ಎಂದು. ಬೆಳಗ್ಗೆ ಸಗಣಿ ಆಯಲು ಬರುವ ಪುಟ್ಟಮಾದಮ್ಮ ಮುಂದೆ ಬಂದು, ನಾ ನೋಡಿವ್ನಿ ಸ್ವಾಮಿ, ಸೆರಗು ಇಡಿದದ್ದ ಈ ಕಣ್ಣಾರೆ ನೋಡಿವ್ನಿ ಅಂದಳು. ಪಟೇಲರು ಅವಳನ್ನು ಗದರಿಸಿ ಕೂರಿಸಿದರು. ದಫೇದಾರ ಏನೂ ಬರೆದುಕೊಳ್ಳದೆ ಚಾವಡಿಯಲ್ಲೇ ಹಾಸಿಗೆ ಬಿಚ್ಚಿಸಿದ. ನಾನು ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಮ್ಮ ಅತ್ತೆ ಎಲ್ಲ ಕೇಳಿಸಿಕೊಂಡರು. ಮಾರನೆಯ ಬೆಳಗಿನ ಜಾವ ಮೊಮ್ಮಗಳ ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು, ತಾವೇ ಕೊಡ ಎತ್ತಿಕೊಂಡು ಹೊರಟರು. ನೀರು ತುಂಬಿಕೊಂಡು ಬರುವಾಗ ಮಬ್ಬಿನಲ್ಲಿ ಹುಡುಗಿಯೇ ಎಂದುಕೊಂಡು ಮೂವರೂ ಅಡ್ಡ ಬಂದರು. ಮದುವೆಯಾಗಿ ಬಂದ ದಿನದಿಂದ ಅಗ್ಗಣಿ ಕೊಡ ಹಿಡಿದು ಉಸಿರೆತ್ತದ ಆ ಮುದುಕಿ ಸೆರಗು ಸರಿಸಿ, ಮಾತು ಬೇಕೇನ್ರಲಾ ನಿಮ್ಗೆ, ತಕ್ಕಳ್ರಲಾ ಮಾತಾ ಎಂದು ಶುರುಮಾಡಿದರು ನೋಡಿ! ಒಬ್ಬೊಬ್ಬನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಹಿಡಿದು ಕೂಗಿದ್ದಕ್ಕೆ ಊರಿಗೆ ಊರೇ ಎದ್ದಿತು. ಚಾವಡಿಯಿಂದ ದಫೇದಾರನೂ ಕಣ್ಣುಜ್ಜುತ್ತ ಓಡಿಬಂದ. ದಾರಿಗೆ ಅಡ್ಡ ನಿಂತವರು ನಿಂತ ಹಾಗೇ ಸಿಕ್ಕಿಬಿದ್ದರು. ಅತ್ತೆ ಆ ನೀರನ್ನು ಅಲ್ಲೇ ಚೆಲ್ಲಿ ಮತ್ತೆ ಬಾವಿಗೆ ನಡೆದರು. ಓಡಿಹೋಗಿದ್ದ ನನಗೆ, ಶಿವನಿಗೆ ಇನ್ನೊಂದು ಕೊಡ ತಂದ್ರಾಯ್ತು ಕಣವ್ವಾ, ಇವತ್ತು ಬಾಯಿ ಮುಚ್ಕಂಡಿದ್ರೆ ಅವನೇ ನನ್ನ ಕೇಳ್ತಿದ್ದ ಅಂದರು.

ಇನ್ನು ಹೀಗೆ ಮಾಡುವುದಿಲ್ಲ ಎಂದು ಅಮಲ್ದಾರರು ಆ ಮೂವರಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಕಟ್ಟೆ ಈಗ ಖಾಲಿ. ಇದರಲ್ಲಿ ನಾಚಿಕೊಳ್ಳಬೇಕಾದವರು ಯಾರು, ನೀವೇ ಹೇಳಿ.

ಇಷ್ಟು ಸಿಟ್ಟಿದ್ದರೂ ಕೇಳಿಕೊಳ್ಳುತ್ತೇನೆ ಅತ್ತಿಗೆ. ತಂದೆಯಿಲ್ಲದ ಹುಡುಗಿ, ಚಿಕ್ಕಂದಿನಿಂದ ನಿಮ್ಮ ಮನೆಯೇ ತನ್ನ ಮನೆ ಎಂದು ನಂಬಿ ಬೆಳೆದವಳು. ಈ ಸಂಬಂಧ ಮುರಿದರೆ ಇವಳನ್ನು ಯಾರು ಕೇಳುತ್ತಾರೆ? ನಿಮ್ಮ ಕಾಲಿಗೆ ಬೀಳುತ್ತೇನೆ, ವೈಶಾಖದಲ್ಲಿ ಮದುವೆ ನಡೆಸಿಕೊಡಿ. ನೀಲಕಂಠಸ್ವಾಮಿಗೆ ನೀವೇ ತಿಳಿಹೇಳಿ.

ಇತಿ, ನೊಂದುಕೊಂಡಿರುವ ನಿಮ್ಮ ನಾದಿನಿ,
ಸರ್ವಮಂಗಳೆ

ತಾ.ಕ.: ಇಷ್ಟೂ ಬರೆದು ನೀಲಾಂಬಿಕೆಗೆ ಓದಿ ಹೇಳಿದೆ. ನಿಮ್ಮ ಕಾಲಿಗೆ ಬೀಳುತ್ತೇನೆ ಎಂಬಲ್ಲಿಗೆ ಬಂದಾಗ ನನ್ನ ಕೈ ಹಿಡಿದು, ಬೀಳಬೇಡ ಕಣವ್ವ ಎಂದು ಅಳುವುದಕ್ಕೆ ಶುರುಮಾಡಿದಳು. ಸಂಕ್ರಾಂತಿಗೆ ಬಂದು ನಮ್ಮ ಮನೆಯಲ್ಲಿ ಉಂಡು ಮಲಗಿದ್ದ ನಿಮ್ಮ ಮಗ ಬೆಳಗಿನ ಜಾವ ಆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದನಂತೆ. ನಾನು ನಿನ್ನ ಗಂಡ ಆಗೋನು, ನನ್ ಜೊತೆ ಮಾತಾಡಿದ್ರೆ ನೀರು ಕೆಡಾಕಿಲ್ಲ ಎಂದು ಮೊಟ್ಟಮೊದಲು ದಾರಿಗೆ ಅಡ್ಡ ನಿಂತವನು ಅವನು. ಉಳಿದವರು ಅವನನ್ನು ನೋಡಿ ಕಲಿತವರು. ಅವನು ಹಿಂದೆಮುಂದೆ ನೋಡುವುದು ಯಾಕೆ ಎಂದು ಈಗ ಅರ್ಥವಾಯಿತು. ಮೇಲೆ ಬೇಡಿಕೊಂಡದ್ದನ್ನು ಹೊಡೆದುಹಾಕದೆ ಬಿಟ್ಟಿದ್ದೇನೆ, ನಾನು ಎಷ್ಟು ತಗ್ಗಿದ್ದೆ ಎಂದು ಅಣ್ಣನೂ ಓದಲಿ. ಈ ಮದುವೆ ನಮಗೆ ಬೇಡ. ನಾಳೆ ಅತ್ತೆಯವರು ಮೊಮ್ಮಗಳನ್ನು ಕರೆದುಕೊಂಡು ಹುಣಸೂರಿಗೆ ಹೊರಡುತ್ತಾರೆ. ಅಮಲ್ದಾರರ ಮುಂದೆ ನಿಮ್ಮ ಮಗನ ಹೆಸರನ್ನು ನೀಲಾಂಬಿಕೆ ತಾನೇ ಹೇಳುತ್ತಾಳೆ.