ಹೆಲ್ವೆ ಬರಲಿಲ್ಲ, ಪೆಟ್ಟಿಗೆ ಬಂತು

ಯುರೋಪಿನ ಸಂಸತ್ತಿನ ವೆಚ್ಚ ಮತ್ತು ಸಿಬ್ಬಂದಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಸಲೋಮೆ ಶ್ನೆಪ್. ಫ್ರಾನ್ಸಿನ ಗಡಿಸೀಮೆಯಾದ ಅಲ್ಸಾಸಿನಲ್ಲಿ ನಿಮ್ಮ ಗಾಜಿನ ಕಟ್ಟಡ ಏಳುವುದಕ್ಕೂ ಮೊದಲಿನಿಂದ ಅದರ ಪಕ್ಕದಲ್ಲೇ ಎಲೆಕೋಸು ಬೆಳೆಯುತ್ತಿರುವ ಮನೆತನದ ಹಿರಿಯಳು. ಓದಿದ್ದು ಹೈಸ್ಕೂಲಿನವರೆಗೆ. ಮೂವರು ಗಂಡುಮಕ್ಕಳು, ಸೊಸೆಯರು ಇಂದಿಗೂ ನನ್ನನ್ನು ಕೇಳಿಯೇ ಸಸಿ ನೆಡುತ್ತಾರೆ. ಕರುಣೆ ಬೇಡಲು ಬಂದವಳೆಂದು ನೀವು ತಿಳಿಯಬಾರದೆಂದು ಇಷ್ಟು ಹೇಳಿದೆ. ನನ್ನ ದೂರು ಒಂದೇ: ಖರ್ಚು ಉಳಿಸುತ್ತೇವೆಂದು ನೀವು ಮನುಷ್ಯರನ್ನು ತಡೆದು, ಪೆಟ್ಟಿಗೆಯನ್ನು ಕಳಿಸುತ್ತಿದ್ದೀರಿ.

ತಿಂಗಳಿಗೊಮ್ಮೆ ನಿಮ್ಮ ಸಂಸತ್ತು ಬ್ರಸೆಲ್ಸಿನಿಂದ ಗಂಟುಮೂಟೆ ಕಟ್ಟಿ ನಮ್ಮೂರಿಗೆ ಬರುತ್ತದೆ. ಒಬ್ಬೊಬ್ಬ ಸಿಬ್ಬಂದಿಗೂ ಕಾಗದಪತ್ರದ ಒಂದೊಂದು ಪೆಟ್ಟಿಗೆ, ಅವನ್ನು ಹೊರಲು ಸಾಲು ಲಾರಿ. ಎಸ್ಟೋನಿಯಾದ ಭಾಷಾಂತರಕಾರ್ತಿ ಹೆಲ್ವೆ ಆ ದಿನಗಳಲ್ಲಿ ನಮ್ಮ ಮಹಡಿಯ ಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದಳು. ಸೋಮವಾರ ನಮ್ಮಲ್ಲಿ ಮಾಂಸ, ಆಲೂಗಡ್ಡೆಯನ್ನು ಬಿಳಿ ವೈನಿನಲ್ಲಿ ನೆನೆಸಿ, ಪಾತ್ರೆಯ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಒಲೆಗಿಡುತ್ತೇವೆ. ಎಲ್ಲರೂ ಮೇಜಿಗೆ ಬಂದ ಮೇಲೆ, ಎಲ್ಲರಿಗಿಂತ ದೂರದಿಂದ ಬಂದವರು ಆ ಮೆತ್ತು ಒಡೆಯಬೇಕು. ಇದು ನನ್ನ ಮನೆಯ ಕಟ್ಟಳೆ. ವರ್ಷಗಟ್ಟಲೆ ಅದನ್ನು ಒಡೆದದ್ದು ಹೆಲ್ವೆಯೇ.

"ಅಮ್ಮಾವ್ರೇ, ಇವತ್ತು ಉಪ್ಪು ಕಮ್ಮಿ."

"ಹೌದಾ? ಹಾಗಾದ್ರೆ ನಿಮ್ಮ ಸಂಸತ್ತಲ್ಲಿ ಒಂದು ಗೊತ್ತುವಳಿ ಮಂಡಿಸಿಬಿಡು!"

ಈ ಮಾತು ನಡೆದದ್ದು ಅಲ್ಸಾಸಿನ ಭಾಷೆಯಲ್ಲಿ, ಮಾನ್ಯರೇ. ನನ್ನ ಜೊತೆ ಆಲೂಗಡ್ಡೆ ಸುಲಿಯುತ್ತ ಅವಳು ಅದನ್ನು ಕಲಿತಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಅದನ್ನು ಆಡುವವರಿಲ್ಲ. ಮಕ್ಕಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮೊಮ್ಮಕ್ಕಳು ನಕ್ಕು ಫ್ರೆಂಚಿನಲ್ಲಿ ಉತ್ತರ ಕೊಡುತ್ತಾರೆ. ಭಾನುವಾರ ತುಂಬಿದ ಮೇಜಿನ ತುದಿಯಲ್ಲಿ, ಹಿರಿಯಳ ಜಾಗದಲ್ಲಿ ಕೂತು ನಾನು ರೊಟ್ಟಿ ಹಂಚುತ್ತೇನೆ, ಅಷ್ಟೇ. ನಿಮ್ಮ ಕಟ್ಟಡದಲ್ಲಿ ಪ್ರತಿ ಭಾಷೆಗೂ ಭಾಷಾಂತರಕಾರರು ಕೂರುವ ಒಂದು ಗೂಡು, ಒಂದು ದೀಪ, ಒಂದು ಮೈಕು. ನನ್ನ ಭಾಷೆಗೆ ಇದ್ದದ್ದು ನನ್ನ ಅಡುಗೆಮನೆ. ಅದನ್ನೂ ಉಳಿತಾಯದ ಲೆಕ್ಕಕ್ಕೆ ಸೇರಿಸಿಕೊಂಡಿರಾ?

ಚಳಿಗಾಲದ ಮೊದಲ ಅಧಿವೇಶನದಂದು, ನಿಮ್ಮಲ್ಲಿ ಪೆಟ್ಟಿಗೆ ಇಳಿಸುವ ನನ್ನ ಸೋದರಳಿಯ ಆರ್ಮಾಂಡ್ ಬಾಗಿಲಲ್ಲಿ ನಿಂತಿದ್ದ.

"ಅತ್ತೆ, ಹೆಲ್ವೆ ಪೆಟ್ಟಿಗೆ ಬಂತು. ಹೆಲ್ವೆ ಬರಲ್ವಂತೆ. ಬ್ರಸೆಲ್ಸಲ್ಲೇ ಕೂತು ಪರದೆ ನೋಡ್ಕೊಂಡು ಭಾಷಾಂತರ ಮಾಡ್ತಾಳಂತೆ. ಪ್ರಯಾಣದ ಖರ್ಚು ಉಳೀತದಂತೆ."

"ಮತ್ತೆ ಪೆಟ್ಟಿಗೇಲಿ ಏನಿದೆ?"

"ಗಾಳಿ!"

"ಖಾಲಿ ಪೆಟ್ಟಿಗೆ ಯಾಕೋ ಹೊತ್ತೆ?"

"ಹೊರಬೇಡ ಅಂತ ಯಾರೂ ಹೇಳಿಲ್ವಲ್ಲ ಅತ್ತೆ!"

ಅಂದಿನಿಂದ ತಿಂಗಳು ತಪ್ಪದೆ ಆ ಪೆಟ್ಟಿಗೆ ಬಂದು, ನಿಮ್ಮ ಕಟ್ಟಡದ ಕಾರಿಡಾರಿನಲ್ಲಿ ಕೂತು, ವಾಪಸ್ ಹೋಗುತ್ತಿದೆ. ಇದಕ್ಕೆ ನೀವು ದಕ್ಷತೆ ಎನ್ನುತ್ತೀರಂತೆ. ನನ್ನ ಸೊಸೆ ಎಲೆಕೋಸನ್ನು ಹೊಲದಲ್ಲಿ ಬಿಟ್ಟು ಬರೀ ಬುಟ್ಟಿಯನ್ನು ಸಂತೆಗೆ ಕಳಿಸಿದರೆ ನಾನು ಏನೆನ್ನಬೇಕು? ಹೆಲ್ವೆ ಫೋನು ಮಾಡುತ್ತಾಳೆ, ನಿಜ. ಆದರೆ ಫೋನಿನಲ್ಲಿ ಇಬ್ಬರು ಕೂತು ಆಲೂಗಡ್ಡೆ ಸುಲಿಯಲಾಗದು.

ಉಳಿಸಬೇಕೆಂದಿದ್ದರೆ ಲಾರಿಗಳನ್ನು ನಿಲ್ಲಿಸಿ, ನನ್ನ ಅಡ್ಡಿಯಿಲ್ಲ. ಲಾರಿ ಬರುವುದೇ ಆದರೆ, ಪೆಟ್ಟಿಗೆಯ ಜೊತೆ ಪೆಟ್ಟಿಗೆಯವಳೂ ಬರಲಿ. ಇದು ನನ್ನ ಬೇಡಿಕೆ.

ನಿಮ್ಮ ಉತ್ತರಕ್ಕೆ ನಾನು ಕಾದಿಲ್ಲ. ಈ ಅಧಿವೇಶನ ಮುಗಿದ ದಿನ ಅಡುಗೆ ಮಾಡಿ, ಮೆತ್ತು ಹಾಕಿ, ನನ್ನ ಅತ್ತೆಯ ಕಾಲದ ಮಣ್ಣಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಆರ್ಮಾಂಡನ ಕೈಗಿತ್ತೆ.

"ಅತ್ತೆ, ಇದು ನಿಯಮಕ್ಕೆ ವಿರುದ್ಧ!"

"ಗಾಳಿ ಹೊರೋದು ನಿಯಮವೇನೋ? ಎತ್ತು."

ಅದು ಹೆಲ್ವೆಯ ಪೆಟ್ಟಿಗೆಯಲ್ಲಿ ಬ್ರಸೆಲ್ಸ್ ತಲುಪಿದೆ. ಮೆತ್ತನ್ನು ಅವಳೇ ಒಡೆಯಲಿ. ಪಾತ್ರೆ ಮಾತ್ರ ನನಗೆ ವಾಪಸ್ ಬೇಕು. ಅದನ್ನು ಲಾರಿಯಲ್ಲಿ ಕಳಿಸಬೇಡಿ. ಅವಳ ಕೈಯಲ್ಲೇ ಕಳಿಸಿ.

ಇಂತಿ,
ತನ್ನ ಭಾಷೆಯಲ್ಲಿ ಉಪ್ಪಿಗಾಗಿ ಜಗಳವಾಡುವವರಿಲ್ಲದ,
ಸಲೋಮೆ ಶ್ನೆಪ್