ಬೈಂಡಿಂಗ್‌ಗೆ ಹೋದ ಮಾಂಗಾ

ಜುಲೈ 3, ಕ್ಲಾಸ್ ಮುಗಿದ ಮೇಲೆ

ಇವತ್ತೂ ಊರಿನ ಪಬ್ಲಿಕ್ ಲೈಬ್ರರಿಯ ಕಾಮಿಕ್ಸ್ ರ‍್ಯಾಕಿನ ಹಿಂದೆ, ನೆಲದ ಮೇಲೆ. ಸಿಕ್ಕಿಬಿದ್ದೆ. ಲೈಬ್ರರಿ ಮೇಡಂ ಬಗ್ಗಿ ನೋಡಿದರು.

"ಏನಮ್ಮ, ಇಲ್ಲೇ ಬಿಲ ತೋಡ್ಕೊಂಡಿದೀಯ. ಒಂದು ಕ್ಲಬ್ ಶುರು ಮಾಡ್ಬಾರ್ದಾ? ಕಾಮಿಕ್ಸು, ಜಪಾನಿನ ಮಾಂಗಾ, ಓದಿ ಮಾತಾಡೋದು. ಶನಿವಾರ ಶನಿವಾರ. ನೀನೇ ನಡೆಸು."

"ಹ್ಞೂಂ ಮೇಡಂ" ಅಂದೆ. ಯಾಕೆ ಅಂದೆ? ಐದನೇ ಕ್ಲಾಸಿನಿಂದ ಹಾಸ್ಟೆಲ್. ವಾರ್ಡನ್ ಏನು ಕೇಳಿದರೂ ಹ್ಞೂಂ. ಕಾಲೇಜಿಗೆ ಬಂದರೂ ಬಾಯಿಗೆ ಬೇರೆ ಉತ್ತರ ಬರುವುದಿಲ್ಲ.

ಜನರ ಮುಂದೆ ನಿಂತು ಮಾತಾಡಬೇಕು. ನಾನು.

ಜುಲೈ 5

ಲೈಬ್ರರಿಯಲ್ಲಿರುವ ಮಾಂಗಾ ಒಂದೇ, ಅದಕ್ಕೂ ತಲೆ ಇಲ್ಲ ಬಾಲ ಇಲ್ಲ. ಪಕ್ಕದ ರೂಮಿನ ಸೀನಿಯರ್ ಹತ್ತಿರ ಒಂದು ಸೆಟ್ಟೇ ಇದೆ. ಹಾಸ್ಟೆಲಿನಲ್ಲಿ ಎಲ್ಲರೂ ಅವಳನ್ನು ಸೈಲೆನ್ಸರ್ ಅನ್ನುತ್ತಾರೆ, ಮಾತು ಅಷ್ಟು ಕಮ್ಮಿ. ಬಾಗಿಲ ತನಕ ಹೋಗಿ ವಾಪಸ್ ಬಂದೆ, ಮತ್ತೆ ಹೋದೆ.

ಕೊಟ್ಟಳು. ಅದೇ ಆಶ್ಚರ್ಯ. ಅವಳಪ್ಪ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಬಂದರಿಗೊಂದರಂತೆ ತಂದುಕೊಟ್ಟ ಪುಸ್ತಕಗಳು.

"ಕೊನೇ ಹಾಳೇಲಿ ಅಪ್ಪ ನಂಗೆ ಬರೆದಿರೋದಿದೆ. ಎಲ್ಲಾದ್ರಲ್ಲೂ. ಇದನ್ನ ಬಲಗಡೆಯಿಂದ ಓದ್ಬೇಕು ಅಂತ ಅಪ್ಪಂಗೆ ಗೊತ್ತಿರ್ಲಿಲ್ಲ. ಅದೇ ಮೊದಲ್ನೇ ಹಾಳೆ ಅಂದ್ಕೊಂಡ್ರು. ಅದೊಂದು ಓದ್ಬೇಡ."

"ಇಲ್ಲ ಅಕ್ಕ."

"ಈಗ ಅಪ್ಪನ ಬಲಗೈ ಏಳಲ್ಲ. ಹುಷಾರಾಗಿ ನೋಡ್ಕೊ."

ಓದಲಿಲ್ಲ. ಕಥೆ ಮುಗಿದ ಕೂಡಲೇ ಕಣ್ಣು ಮುಚ್ಚಿ ಪುಸ್ತಕ ಮುಚ್ಚುತ್ತೇನೆ.

ಜುಲೈ 9

ಕ್ಲಬ್ಬಿಗೆ ಅಂತ ಅಕ್ಕನ ಪುಸ್ತಕಗಳನ್ನು ಮೇಡಂ ಟೇಬಲಿನ ಮೇಲಿಟ್ಟೆ. ಒಂದನ್ನು ಎತ್ತಿ ಬೆನ್ನು ಒತ್ತಿ ನೋಡಿದರು. "ಇಷ್ಟು ತೆಳು ರಟ್ಟು. ನಾಲ್ಕು ಕೈ ಬದಲಾದ್ರೆ ಹಾಳೆಗೊಂದು ದಿಕ್ಕು. ಬೈಂಡರ್ ಬಂದಿದಾರೆ, ಕೊಟ್ಬಿಡ್ಲಾ?"

ಹ್ಞೂಂ ಮೇಡಂ.

ಅಕ್ಕನನ್ನು ಕೇಳಬೇಕಿತ್ತಾ? ಬೈಂಡಿಂಗ್ ಅಂದರೆ ಗಟ್ಟಿ ಮಾಡುವುದು ತಾನೇ. ಒಳ್ಳೆಯದೇ. ಒಳ್ಳೆಯದೇ ಇರಬೇಕು.

ಜುಲೈ 17, ಮಧ್ಯಾಹ್ನ

ಬಂದವು.

ದಪ್ಪ ಕಂದು ರಟ್ಟು. ಹೆಸರಿನ ಚೀಟಿ ಹಿಂಭಾಗದಲ್ಲಿ — ಅದೇ ಮುಂಭಾಗ ಅಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ನಗಬಹುದಿತ್ತು. ಕೊನೆಯ ಹಾಳೆ ಇಲ್ಲ. ಮತ್ತೆ ಹುಡುಕಿದೆ. ಇದೆ... ರಟ್ಟಿಗೆ ಅಂಟಿಸಿದ್ದಾರೆ. ಬರೆದ ಮುಖ ಒಳಗೆ. ಒಂದರಲ್ಲಲ್ಲ, ಎಲ್ಲದರಲ್ಲೂ.

ಬೈಂಡರ್ ಇನ್ನೂ ಅಲ್ಲೇ ಇದ್ದರು. ಕೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

"ಮೊದಲ್ನೇ ಹಾಳೆ ರಟ್ಟಿಗೆ ಹಾಕೋದೇ ಅಲ್ವೇನಮ್ಮ. ಏನೋ ಗೀಚಿತ್ತು. ಮಕ್ಕಳ ಪುಸ್ತಕ ಅಲ್ವಾ, ಗೀಚಿರ್ತಾವೆ ಅಂತ..."

"ಬಿಡಿಸಕ್ಕಾಗತ್ತಾ?"

"ಮೈದಾ ಗೋಂದು. ಒದ್ದೆ ಬಟ್ಟೆ ಇಟ್ಟು ನೆನೆಸಿದ್ರೆ ಏಳುತ್ತೆ. ಬರೆದಿದ್ದು ಪೆನ್ಸಿಲ್ಲಾ, ಪೆನ್ನಾ? ಪೆನ್ಸಿಲ್ ಆದ್ರೆ ಉಳ್ಕೊಳ್ಳುತ್ತೆ. ಪೆನ್ನಾದ್ರೆ ನೀರು ತಾಕಿದ್ದೇ ಶಾಯಿ ಹರಡಿ ಎಲ್ಲ ಹೋಯ್ತು. ಕೇಳ್ಕೊಂಡು ಬಾ."

ಕೇಳಿಕೊಂಡು ಬರಬೇಕಂತೆ. ಎಷ್ಟು ಸುಲಭವಾಗಿ ಹೇಳಿದರು.

ಜುಲೈ 18

ಮೆಸ್ಸಿನಲ್ಲಿ ಅಕ್ಕ ಎದುರಿಗೇ ಬಂದು ಕೂತಳು. "ಶನಿವಾರ ನಾನೂ ಬರ್ತೀನಿ ನಿನ್ ಕ್ಲಬ್ಬಿಗೆ" ಅಂದಳು. ನಾಲ್ಕು ಜನರ ಮುಂದೆ ಅವಳು ಇಷ್ಟು ಉದ್ದ ಮಾತಾಡಿದ್ದು ಯಾರೂ ಕೇಳಿಲ್ಲ. ಅರ್ಧ ಊಟ ಬಿಟ್ಟು ಎದ್ದುಬಂದೆ.

ಮೇಡಂಗೆ ಗೊತ್ತಾಗಿದೆ. "ನಾನೇ ಕಳಿಸಿದ್ದು ಅಂತ ಹೇಳ್ತೀನಿ ಬಿಡಮ್ಮ. ನಿನ್ನ ಹೆಸರು ಬೇಡ." ಹ್ಞೂಂ ಅನ್ನಲು ಬಾಯಿ ತೆಗೆದೆ. ಸುಮ್ಮನೆ ಮುಚ್ಚಿದೆ.

ಜುಲೈ 20, ಶನಿವಾರ, ಸಂಜೆ

ಕ್ಲಬ್ಬಿನ ಮೊದಲ ದಿನ. ಜನ ಬಂದರು. ಯಾರೂ ಬರದಿರಲಿ ಅಂತ ಅಂದುಕೊಂಡಿದ್ದೆ, ಅದಕ್ಕೇ ಬಂದರೇನೋ. ಮುಂದಿನ ಸಾಲಿನಲ್ಲಿ ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್ ತಾತ, ಕಂದು ರಟ್ಟಿನ ಪುಸ್ತಕವನ್ನು ಎಡಗಡೆಯಿಂದ ತೆಗೆದು ಓದುತ್ತಿದ್ದರು.

"ಏನವ್ವಾ ಇದು, ಸತ್ತು ಮಲಗಿದ್ದೋನು ಪುಟ ತಿರುಗಿಸಿದ್ರೆ ಎದ್ದು ಜಗಳಕ್ಕೆ ನಿಂತಿದಾನೆ. ಟಿಕೆಟ್ ಇಲ್ದೇ ಹಿಂದಿನ ಬಾಗಿಲಲ್ಲಿ ಹತ್ತಿದಂಗಾಯ್ತು ನನ್ನ ಕಥೆ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಬಾಗಿಲಲ್ಲಿ ನಿಂತು. ಒಳಗೆ ಬಂದು ಒಂದು ಪುಸ್ತಕ ಎತ್ತಿಕೊಂಡಳು. ಕೊನೆಯ ಹಾಳೆಗೆ ಹೋದಳು. ರಟ್ಟಿನ ಮೇಲೆ ಬೆರಳು ಆಡಿಸಿದಳು. ನಗು ನಿಂತಿತು.

ಮೇಡಂ ಎದ್ದರು. ಅವರಿಗಿಂತ ಮುಂಚೆ ನಾನು ಎದ್ದುಬಿಟ್ಟೆ.

"ನಾನೇ, ಅಕ್ಕ. ಬೈಂಡಿಂಗ್‌ಗೆ ಕೊಡ್ಲಾ ಅಂದಾಗ ಹ್ಞೂಂ ಅಂದಿದ್ದು ನಾನು. ನಿಮ್ಮನ್ನ ಕೇಳ್ಲಿಲ್ಲ. ಅಪ್ಪನ ಹಾಳೆ ಒಳಗಡೆ ಅಂಟ್ಕೊಂಡಿದೆ. ನೆನೆಸಿ ಬಿಡಿಸಬಹುದು. ಪೆನ್ಸಿಲ್ಲಾ, ಪೆನ್ನಾ?"

ಇಡೀ ಕೋಣೆ ಕೇಳಿಸಿಕೊಂಡಿತು.

"ಎರಡೂ ಇದೆ" ಅಂದಳು ಅಕ್ಕ. "ಹಡಗಲ್ಲಿ ಕೈಗೆ ಏನು ಸಿಕ್ತೋ ಅದು. ಯಾವುದ್ರಲ್ಲಿ ಏನು ಅಂತ... ಓದಿದೀನಿ ಅಷ್ಟೇ. ನೋಡಿಲ್ಲ."

ಎಲ್ಲವನ್ನೂ ಎದೆಗೆ ಒತ್ತಿಕೊಂಡು ಹೊರಟುಹೋದಳು. ತಾತ ಕೆಮ್ಮಿದರು. "ಮುಂದಿನ ವಾರ ಇರತ್ತಾ ಇದು?" ನನಗೆ ಗೊತ್ತಿಲ್ಲ ಅಂದೆ.

ಜುಲೈ 21, ಬೆಳಗ್ಗೆ, ಅಕ್ಕನ ರೂಮು

ಕರೆಸಿದಳು. ಕಣ್ಣು ಮುಚ್ಚಿ ಒಂದು ಪುಸ್ತಕ ಎಳೆದಳು. "ಹೋದ್ರೆ ಇದೊಂದು ಹೋಗುತ್ತೆ." ರಟ್ಟಿನ ಮೇಲೆ ಒದ್ದೆ ಬಟ್ಟೆ ಇಟ್ಟು ಕಾಯುತ್ತಿದ್ದೇವೆ.

ಬೈದಿಲ್ಲ. ಬೈದಿದ್ದರೆ ಆರಾಮಾಗಿರುತ್ತಿತ್ತು. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮೂಲೆ ಎದ್ದಿದೆ. ಇಲ್ಲಿಂದಲೂ ಕಾಣುತ್ತದೆ — ಏನೋ ಬೂದು ಬಣ್ಣ. ಪೆನ್ಸಿಲ್ಲೋ, ಗೋಂದಿನ ಕಲೆಯೋ.

"ನೀನೇ ಎಬ್ಬಿಸು" ಅಂದಳು. "ನಂಗೆ ಧೈರ್ಯ ಬರ್ತಿಲ್ಲ."

ನನಗೂ ಅಕ್ಕ, ಅಂದೆ.

"ಗೊತ್ತು. ಬರೆದಿದ್ದು ಸಾಕು, ಬಾ. ನೀನು ಆ ತುದಿ ಹಿಡ್ಕೊ, ನಾನು ಈ ತುದಿ." ಪೆನ್ನು ಕೆಳಗಿಡುತ್ತಿದ್ದೇನೆ.