ಕಿಟಕಿಯ ಚಿಲಕ

ಅವ್ವಾ,

ಇವತ್ತ ನಸಿಕಿನ್ಯಾಗ ಮತ್ತ ಅದೇ ಕನಸು ಬಿತ್ತು. ಹೊಸಾ ಅಡಗಿಮನ್ಯಾಗ ನೀ ಕೆಮ್ಮಾಕತ್ತಿದ್ದಿ. ನಾ ನಾಕೂ ಗ್ವಾಡಿ ತಡವಿದೆ, ಕಿಟಕಿ ಸಿಗಲಿಲ್ಲ.

ಬ್ಯಾಡಗ್ಯಾಗಿನ ನಿನ್ನ ಮನಿ ಅಡಗಿಮನಿ ಒಡದು ಕಟ್ಟಸಾಕತ್ತೇವಿ. ಸೊಸಿ ಮೀನಾಕ್ಷಿ ಹಳೇದು ಹೊಸಾದು ಎಲ್ಲಾ ಕೂಡಸ್ತೀನಿ ಅಂತಾಳ. ನಿನ್ನ ಒಳ್ಳಕಲ್ಲಿನ ಬಾಜೂಕ ಮಿಕ್ಸರ್, ನೀಲಿ ಟೈಲ್ಸಿಗೆ ಹಳದಿ ಕಪಾಟ, ಹಳೇ ಬಾಗಲಾ ಕೊಯ್ದು ಡಬ್ಬಿ ಇಡೂ ಹಲಗಿ. ಚಂದ ಕಾಣತೈತಿ ಖರೇ. ಆದ್ರ ಕಿಟಕಿ ಮುಚ್ಚಿ ಅಲ್ಲೂ ಕಪಾಟ ಮಾಡಸೂಣು, ಹೊಗಿ ಎಳಿಯಾಕ ಚಿಮ್ನಿ ಐತಿ ಅಂದ್ಲು.

ಇವತ್ತ ಮುಂಜಾನೆ ಗೌಂಡಿ ಉಡಚಪ್ಪ ಕಿಟಕಿಗೆ ಇಟ್ಟಂಗಿ ಇಡಾಕ ಹೋದ. "ಬ್ಯಾಡೋ!" ಅಂತ ಚೀರಿದೆ.

ಮೀನಾಕ್ಷಿ ನಕ್ಕಳು. "ಅತ್ತಿ, ಹಿಂಗ ಒದರಿದ್ರ ಓಣಿ ಮಂದಿ ಸೊಸಿ ಬಡದ್ಲು ಅಂತಾರ್ರಿ. ಕಿಟಕಿ ಯಾಕ ಬೇಕ್ರಿ?"

"ಗಾಳಿಗೆ ಬೇಕವಾ," ಅಂದೆ. ಅಷ್ಟ ಅಂದೆ.

ನೀ ತೀರಿಕೊಂಡ ದಿನ ಮೆಣಸಿನಕಾಯಿ ಹುರಿಯಾಕತ್ತಿದ್ದಿ. ಘಾಟು ಹೋದ್ರ ಬಾಜೂ ಮನಿಯವ್ರು ಜಗಳಕ್ಕ ಬರ್ತಾರ ಅಂತ ಕಿಟಕಿ ಮುಚ್ಚಿ, ಮ್ಯಾಲಿನ ಚಿಲಕ ಹಾಕಿ ನೀರಿಗೆ ಹೋದಾಕಿ ನಾನು. ದಮ್ಮಿನ ಬ್ಯಾನಿಯಿಂದ ಹೋದ್ಲು ಅಂತ ಎಲ್ಲಾರೂ ಅಂದ್ರು. ನಾನೂ ಹೂಂ ಅಂದೆ.

ಈಗ ಉಡಚಪ್ಪ ಕಿಟಕಿ ಇಡಾಕ ಒಪ್ಪ್ಯಾನ. ಚಿಲಕ ಎಲ್ಲಿ ಬರಬೇಕು ಅಂತ ಕೇಳಿದ, ನನ್ನ ಎದಿಮಟ ಗುರ್ತು ಹಾಕಿಸೇನಿ. ನೀ ನನಗಿಂತ ಗಿಡ್ಡ ಇದ್ದಿ. ನಿನ್ನ ಕೈಗೆ ಎಟಕತೈತೇನು, ಇನ್ನೊಮ್ಮೆ ನೋಡವ್ವಾ.